ತೊಳೆದ ರೂಪಾಯಿ: ಮಂಡ್ಯದ ಮೇಷ್ಟ್ರು ಕೊಂಡ ಒಂದು ನಾಣ್ಯದ ಪ್ರಕರಣ

ವರಮಹಾಲಕ್ಷ್ಮಿ ಹಬ್ಬ ಮುಗಿದ ಮೇಲಿನ ಭಾನುವಾರ. ಮಂಡ್ಯದಿಂದ ಬೆಳಗಿನ ರೈಲಿನಲ್ಲಿ ಮೈಸೂರಿಗೆ ಬಂದಿಳಿದ ಮೇಷ್ಟ್ರು ನಮ್ಮ ಮನೆಯ ಊಟದ ಮೇಜಿನ ಮೇಲೆ ಕರವಸ್ತ್ರದ ಗಂಟೊಂದನ್ನು ಬಿಚ್ಚಿದರು. ಒಳಗೆ ಇಸ್ಪೀಟು ಎಲೆಯಷ್ಟು ಅಗಲದ, ನಾಣ್ಯ ಪರೀಕ್ಷಿಸುವ ಸಂಸ್ಥೆಯೊಂದು ಲೇಬಲ್ ಹಾಕಿ ಸೀಲು ಮಾಡಿದ ಗಟ್ಟಿ ಪ್ಲಾಸ್ಟಿಕ್ ಡಬ್ಬಿ ಇತ್ತು. ಡಬ್ಬಿಯ ನಡುವೆ ಐದನೆಯ ಜಾರ್ಜ್ ದೊರೆಯ 1911ರ ಬೆಳ್ಳಿ ರೂಪಾಯಿ. "ಇದನ್ನು ಬೀರುವಿನಲ್ಲಿ ಇಡಲೋ, ಬ್ಯಾಂಕಿನ ಲಾಕರಿನಲ್ಲಿ ಇಡಲೋ, ನೀವೇ ಹೇಳಿ" ಎಂದರು. ಅವರು ಕೇಳಲು ಬಂದದ್ದು ಅಷ್ಟನ್ನೇ.

ಲೇಬಲ್ಲಿನ ಎರಡನೆಯ ಸಾಲು ಓದುತ್ತಿದ್ದಂತೆ ನನಗೆ ಮಾತು ನಿಂತಿತು. ಎಷ್ಟು ಕೊಟ್ಟಿರಿ ಎಂದು ಕೇಳಿದೆ. 9,500 ರೂಪಾಯಿ ಎಂದರು. ಕಾಫಿ ತಣ್ಣಗಾಗುವವರೆಗೆ ನಾನು ಏನೂ ಹೇಳಲಿಲ್ಲ.

ಮೇಷ್ಟ್ರು ನಿವೃತ್ತ ಪ್ರೌಢಶಾಲಾ ಶಿಕ್ಷಕರು. ಇಂಗ್ಲಿಷ್ ಚೆನ್ನಾಗಿಯೇ ಬಲ್ಲವರು. ಅವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ನಡೆದದ್ದನ್ನು ಬರೆಯುತ್ತಿದ್ದೇನೆ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಹೊಸದಾಗಿ ನಾಣ್ಯ ಕೊಳ್ಳುತ್ತಿರುವವರು ಇದೇ ಜಾಗದಲ್ಲಿ ಎಡವುತ್ತಿದ್ದಾರೆ. ಮೋಸದ ನಾಣ್ಯ ಕೊಂಡು ಎಡವಿದರೆ ಅದರ ಲೆಕ್ಕ ಬೇರೆ. ಇಲ್ಲಿ ನಾಣ್ಯ ಅಸಲಿ, ಡಬ್ಬಿ ಅಸಲಿ, ಲೇಬಲ್ಲೂ ನಿಜವನ್ನೇ ಹೇಳುತ್ತಿತ್ತು. ಆದರೂ ಅವರ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ನೀರಿನಲ್ಲಿ ಹೋಗಿತ್ತು.

ಕೊಂಡ ಬಗೆ

ಮೊದಲು ನಾಣ್ಯದ ಮಾತು. ಐದನೆಯ ಜಾರ್ಜ್ 1910ರಲ್ಲಿ ಪಟ್ಟಕ್ಕೆ ಬಂದ. 1911ರ ಡಿಸೆಂಬರ್ 12ರಂದು ದೆಹಲಿ ದರ್ಬಾರು ನಡೆಯಿತು. ಆ ವರ್ಷ ಟಂಕಿಸಿದ ರೂಪಾಯಿಯಲ್ಲಿ ದೊರೆಯ ಎದೆಯ ಮೇಲಿನ ಅಲಂಕಾರದಲ್ಲೊಂದು ಪುಟ್ಟ ಆನೆ ಇದೆ. ಕೊರೆದ ಕೈ ಅದರ ಸೊಂಡಿಲನ್ನು ಮೊಂಡಾಗಿ ಬಿಟ್ಟಿತು, ಕಾಲುಗಳನ್ನು ಗಿಡ್ಡ ಮಾಡಿತು. ನೋಡಿದವರಿಗೆ ಅದು ಹಂದಿಯಂತೆ ಕಂಡಿತು. ಮುಸ್ಲಿಮರು ಆಕ್ಷೇಪಿಸಿದರು. 1912ರ ನಾಣ್ಯದ ಹೊತ್ತಿಗೆ ಆನೆಯನ್ನು ಆನೆಯಂತೆಯೇ ಕಾಣುವ ಹಾಗೆ ತಿದ್ದಲಾಯಿತು. 1911ರ ನಾಣ್ಯಗಳಲ್ಲಿ ಬಹುಪಾಲು ಮತ್ತೆ ಕರಗಿಹೋದವು. ಉಳಿದದ್ದನ್ನು ಸಂಗ್ರಾಹಕರು ಇಂದಿಗೂ 'ಹಂದಿ ರೂಪಾಯಿ' ಎಂದೇ ಕರೆಯುತ್ತಾರೆ.

ಮೇಷ್ಟ್ರಿಗೆ ಈ ಕತೆಗಿಂತ ಹತ್ತಿರದ ಕಾರಣವೊಂದಿತ್ತು. ಅವರ ತಾಯಿಯ ಕಲಶದೊಳಗೆ ಇದೇ ವರ್ಷದ ರೂಪಾಯಿ ಇರುತ್ತಿತ್ತಂತೆ. ಹಬ್ಬದ ಹಿಂದಿನ ದಿನ ಹುಣಸೆಹಣ್ಣು, ವಿಭೂತಿ ಹಚ್ಚಿ ತಿಕ್ಕಿ, ಥಳಥಳ ಎನ್ನಿಸಿ, ಅರಿಸಿನ ಕುಂಕುಮವಿಟ್ಟು ಕಲಶಕ್ಕೆ ಹಾಕುತ್ತಿದ್ದರು. ಅಕ್ಕನ ಮದುವೆಗೆ ಮನೆಯ ಬೆಳ್ಳಿಯೆಲ್ಲ ಅಕ್ಕಸಾಲಿಗರ ಕುಲುಮೆಗೆ ಹೋದಾಗ ಆ ರೂಪಾಯಿಯೂ ಹೋಯಿತು. ನಿವೃತ್ತಿಯ ಹಣ ಕೈಗೆ ಬಂದ ಮೇಲೆ ಅಂಥದ್ದೇ ಒಂದು ಬೇಕೆಂದು ಅವರು ಹುಡುಕತೊಡಗಿದ್ದರು.

ಸಿಕ್ಕಿದ್ದು ಮೊಬೈಲಿನಲ್ಲಿ. ಬೇರೆ ಊರಿನ ಒಬ್ಬ ವ್ಯಾಪಾರಿ ವಾಟ್ಸ್ಆಪ್‌ನಲ್ಲಿ ಚಿತ್ರ ಕಳುಹಿಸಿದ್ದ. ಚಿತ್ರದಲ್ಲಿ ನಾಣ್ಯ ಮಾತ್ರ ಇತ್ತು, ಲೇಬಲ್ ಕಾಣಿಸುತ್ತಿರಲಿಲ್ಲ. ಕೆಳಗೆ 'ಸರ್ಟಿಫೈಡ್, ಎಯು, ಅಪರೂಪ' ಎಂದು ಬರೆದಿತ್ತು. ಎಯು ಎನ್ನುವುದು ಸವೆತ ತೀರ ಕಡಿಮೆ ಇರುವ ನಾಣ್ಯದ ದರ್ಜೆ. ಮೇಷ್ಟ್ರು ಹಣ ಹಾಕಿದರು, ಕೊರಿಯರಿನಲ್ಲಿ ನಾಣ್ಯ ಬಂತು. ಜೊತೆಯಲ್ಲಿ ಬಂದ ಬಿಲ್ಲಿನಲ್ಲೂ '1911 ಒಂದು ರೂಪಾಯಿ, ಸರ್ಟಿಫೈಡ್ ಎಯು' ಎಂದಷ್ಟೇ ಇತ್ತು. ಡಬ್ಬಿಯ ಲೇಬಲ್ಲಿನಲ್ಲಿ ಇದ್ದದ್ದು ಬೇರೆ: 'ಎಯು ಡೀಟೇಲ್ಸ್', ಅದರ ಪಕ್ಕದಲ್ಲಿ 'ಕ್ಲೀನ್ಡ್'.

ಮೇಷ್ಟ್ರು ಅದನ್ನು ಓದಿದ್ದರು. ಅರ್ಥ ಮಾಡಿಕೊಂಡ ಬಗೆಯನ್ನು ಅವರ ಮಾತಿನಲ್ಲೇ ಕೊಡುತ್ತೇನೆ: "ಡೀಟೇಲ್ಸ್ ಎಂದರೆ ವಿವರಗಳೆಲ್ಲ ಸ್ಪಷ್ಟವಾಗಿವೆ ಎಂದುಕೊಂಡೆ. ಕ್ಲೀನ್ಡ್ ಎಂದರೆ ಕಂಪನಿಯವರೇ ಶುಚಿ ಮಾಡಿ, ಸೀಲು ಮಾಡಿ ಕೊಟ್ಟಿದ್ದಾರೆ ಎಂದುಕೊಂಡೆ. ಅಷ್ಟು ಹಣ ತೆಗೆದುಕೊಂಡ ಮೇಲೆ ತೊಳೆದು ಕೊಡದಿರುತ್ತಾರೆಯೇ?"

ನಾನು ಇದನ್ನು ಅಜ್ಞಾನವೆಂದು ಎಂದೂ ಕರೆಯಲಾರೆ. ನಮ್ಮ ಭಾಷೆಯಲ್ಲಿ ತೊಳೆದದ್ದೆಲ್ಲ ಒಳ್ಳೆಯದು. ಚೆಲುವಾದ ಮಗುವನ್ನು ತೊಳೆದ ಮುತ್ತಿನಂತಿದೆ ಎನ್ನುತ್ತೇವೆ. ಹಬ್ಬಕ್ಕೆ ಮನೆ ತೊಳೆಯುತ್ತೇವೆ, ದೇವರ ಪಾತ್ರೆ ಬೆಳಗುತ್ತೇವೆ. ಕಪ್ಪಾದ ಬೆಳ್ಳಿ ದೀಪ ದೇವರ ಮುಂದಿದ್ದರೆ ಆ ಮನೆಯ ಹೆಣ್ಣುಮಕ್ಕಳಿಗೆ ಹೊರಗಿನವರ ಎದುರು ತಲೆ ತಗ್ಗುತ್ತದೆ. ಇಂಥ ಮನೆಯಲ್ಲಿ ಬೆಳೆದವರಿಗೆ 'ಕ್ಲೀನ್ಡ್' ಎಂಬ ಪದ ದೋಷದ ಹೆಸರು ಎಂದು ತಾನಾಗಿ ಹೇಗೆ ಹೊಳೆಯಬೇಕು?

ದೀಪದ ಕೆಳಗೆ

ಮೇಜಿನ ದೀಪ ಹಚ್ಚಿ, ಕೋಣೆಯ ಉಳಿದ ದೀಪಗಳನ್ನು ಆರಿಸಿದೆ. ನಾಣ್ಯ ನೋಡಲು ಒಂದೇ ದಿಕ್ಕಿನಿಂದ ಬರುವ ಬೆಳಕು ಬೇಕು. ಟ್ಯೂಬ್‌ಲೈಟಿನ ಹರಡಿದ ಬೆಳಕಿನಲ್ಲಿ ದೋಷಗಳು ಅಡಗಿಕೊಳ್ಳುತ್ತವೆ.

ಬೆಳ್ಳಿಯ ಬಿಲ್ಲೆಯನ್ನು ಎರಡು ಅಚ್ಚುಗಳ ನಡುವೆ ಇಟ್ಟು ಒತ್ತಿದಾಗ ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಆ ಹರಿವು ಬರಿಗಣ್ಣಿಗೆ ಕಾಣದಷ್ಟು ಸಣ್ಣ ಏಣುಗಳನ್ನು ಮೇಲ್ಮೈಯಲ್ಲಿ ಬಿಟ್ಟುಹೋಗುತ್ತದೆ. ಹೊಸ ನಾಣ್ಯವನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು ತಿರುಗಿಸಿದರೆ ಆ ಏಣುಗಳ ಮೇಲೆ ಬೆಳಕು ಬಿದ್ದು, ಗಾಡಿಯ ಚಕ್ರದ ಅರಗಳಂತೆ ಸುತ್ತುತ್ತದೆ. ಟಂಕಸಾಲೆಯ ಹುಟ್ಟು ಹೊಳಪು ಎನ್ನುವುದು ಇದನ್ನೇ. ಇದು ಲೋಹಕ್ಕೆ ಬಳಿದ ಮೆರುಗಲ್ಲ, ಲೋಹದ ಮೇಲ್ಮೈಯ ಆಕಾರ. ಆದ್ದರಿಂದಲೇ ಒಮ್ಮೆ ಉಜ್ಜಿ ಹೋದರೆ ಯಾವ ಪಾಲಿಶೂ ಅದನ್ನು ಹಿಂದಕ್ಕೆ ತರಲಾರದು.

'ಎಯು' ಎಂದರೆ ಹೆಚ್ಚುಕಡಿಮೆ ಚಲಾವಣೆಗೇ ಹೋಗದಂಥ ನಾಣ್ಯ. ಕಿರೀಟದ ಮೇಲೆ, ಗಡ್ಡದ ಮೇಲೆ, ಉಬ್ಬಿದ ತುದಿಗಳಲ್ಲಿ ಮಾತ್ರ ಸ್ವಲ್ಪ ಸವೆತ ಇರುತ್ತದೆ. ಅಕ್ಷರಗಳ ಸಂದಿಯಲ್ಲಿ, ದೊರೆಯ ಕತ್ತಿನ ಹಿಂದೆ, ಕೈಬೆರಳು ತಾಕದ ಕಡೆಗಳಲ್ಲಿ ಹುಟ್ಟು ಹೊಳಪು ಉಳಿದಿರಬೇಕು. ಮೇಷ್ಟ್ರ ನಾಣ್ಯದಲ್ಲಿ ಸವೆತ ಎಯುಗೆ ತಕ್ಕಂತೆಯೇ ಇತ್ತು. ಆನೆಯ ಮೊಂಡು ಸೊಂಡಿಲು ಚೊಕ್ಕವಾಗಿ ಕಾಣುತ್ತಿತ್ತು. ಆದರೆ ತಿರುಗಿಸಿದರೆ ಬೆಳಕು ಸುತ್ತಲಿಲ್ಲ. ಒಂದೇ ಕಡೆ ನಿಂತು, ಸ್ಟೀಲ್ ಲೋಟದಿಂದ ಬಂದ ಹಾಗೆ ಕಣ್ಣಿಗೆ ಹೊಡೆಯಿತು.

10 ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಉಳಿದದ್ದೂ ಕಂಡಿತು. ದೊರೆಯ ಮುಖದ ಮುಂದಿನ ಬಯಲಿನಲ್ಲಿ ಕೂದಲೆಳೆಯಂಥ ಗೀರುಗಳಿದ್ದವು. ಎಲ್ಲವೂ ಒಂದೇ ದಿಕ್ಕಿಗೆ, ಪೊರಕೆಯಿಂದ ಗುಡಿಸಿದ ಅಂಗಳದ ಮಣ್ಣಿನಂತೆ ಹರಿದಿದ್ದವು. ಚಲಾವಣೆಯಲ್ಲಿ ಆಗುವ ಗೀರು ಹೀಗೆ ಸಾಲಾಗಿರುವುದಿಲ್ಲ. ಚೀಲದಲ್ಲಿ, ಗಲ್ಲಾಪೆಟ್ಟಿಗೆಯಲ್ಲಿ ಬಿದ್ದ ನಾಣ್ಯಕ್ಕೆ ನಾನಾ ದಿಕ್ಕಿನಿಂದ ಪೆಟ್ಟು ಬೀಳುತ್ತದೆ. ಒಂದೇ ದಿಕ್ಕಿನ ಗೀರಾದರೆ ಬಟ್ಟೆಯೋ, ನಾರೋ, ಬ್ರಷ್ಷೋ ಹಿಡಿದ ಕೈಯ ಗುರುತು. ಇನ್ನೊಂದು ಸಾಕ್ಷಿ ಅಕ್ಷರಗಳ ಬುಡದಲ್ಲಿತ್ತು. ಬಯಲು ಬೆಳ್ಳಗೆ ಹೊಳೆಯುತ್ತಿದ್ದರೆ, ಅಕ್ಷರಗಳ ಕಾಲಬುಡದಲ್ಲಿ ಮಾತ್ರ ಹಳೆಯ ಕರಿ ಗೆರೆಗಟ್ಟಿ ನಿಂತಿತ್ತು. ಉಜ್ಜಿದ ಬಟ್ಟೆ ಅಲ್ಲಿಗೆ ತಲುಪಿರಲಿಲ್ಲ.

ಹಿಂಬದಿಯ ಹೂಬಳ್ಳಿಯಲ್ಲೂ ಇದೇ ಕತೆ. ಅದನ್ನು ಮತ್ತೆ ವಿವರಿಸುವುದಿಲ್ಲ.

ತೂಗುವಂತಿರಲಿಲ್ಲ, ನಾಣ್ಯ ಡಬ್ಬಿಯೊಳಗಿದೆ. ಬಿಡಿ ನಾಣ್ಯವಾಗಿದ್ದರೆ ಮೊದಲು ಮಾಡುವ ಕೆಲಸ ತೂಗುವುದೇ. 1835ರಲ್ಲಿ ನಿಗದಿಯಾದ ಈ ಬೆಳ್ಳಿ ರೂಪಾಯಿಯ ತೂಕ 180 ಗ್ರೇನ್, ಅಂದರೆ 11.66 ಗ್ರಾಂ. ನಮ್ಮ ಹಿರಿಯರ ಒಂದು ತೊಲವೂ ಅಷ್ಟೇ. 12ರಲ್ಲಿ 11 ಪಾಲು ಬೆಳ್ಳಿ, ಹಾಗಾಗಿ ಶುದ್ಧ ಬೆಳ್ಳಿ ಸುಮಾರು 10.69 ಗ್ರಾಂ. ಡಬ್ಬಿಯ ಮೇಲಿನ ಸಂಖ್ಯೆಯನ್ನು ದೃಢೀಕರಣ ಸಂಸ್ಥೆಯ ಜಾಲತಾಣದಲ್ಲಿ ಹಾಕಿ ನೋಡಿದೆವು. ದಾಖಲೆ ಸಿಕ್ಕಿತು, ಚಿತ್ರವೂ ಇತ್ತು. ಅಂಚಿನ ಹತ್ತಿರದ ಒಂದು ಸಣ್ಣ ಚುಕ್ಕೆ ಎರಡರಲ್ಲೂ ಒಂದೇ ಜಾಗದಲ್ಲಿದ್ದುದರಿಂದ ಡಬ್ಬಿ ನಕಲಿಯಲ್ಲ ಎಂದು ಖಾತ್ರಿಯಾಯಿತು. ನಕಲಿ ಡಬ್ಬಿಗಳೂ ಪೇಟೆಯಲ್ಲಿ ಓಡಾಡುತ್ತಿವೆ. ಸಂಖ್ಯೆ ಕೂಡಿದರೆ ಸಾಲದು, ಚಿತ್ರದೊಂದಿಗೆ ಗುರುತು ಹೊಂದಿಸಲೇಬೇಕು.

ಲೇಬಲ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ನಾಣ್ಯಕ್ಕೆ 1ರಿಂದ 70ರವರೆಗೆ ಅಂಕ ಕೊಡುವ ಪದ್ಧತಿಯನ್ನು 1949ರಲ್ಲಿ ಅಮೆರಿಕದ ವಿಲಿಯಂ ಶೆಲ್ಡನ್ ತಮ್ಮ ದೇಶದ ಹಳೆಯ ತಾಮ್ರದ ಸೆಂಟುಗಳಿಗಾಗಿ ಹುಟ್ಟುಹಾಕಿದರು. ಇಂದು ನಾಣ್ಯ ಪರೀಕ್ಷಿಸುವ ದೊಡ್ಡ ಸಂಸ್ಥೆಗಳಿಗೆ ಬಹುಮಟ್ಟಿಗೆ ಅದೇ ಅಳತೆಗೋಲು. 60ರಿಂದ 70 ಎಂದರೆ ಚಲಾವಣೆ ಕಾಣದ್ದು. 50ರಿಂದ 58 ಎಯು. ನಾಣ್ಯ ನೋಡಿ, ಅಂಕ ಕೊಟ್ಟು, ಡಬ್ಬಿಯಲ್ಲಿ ಸೀಲು ಮಾಡುವ ಅಮೆರಿಕದ ದೊಡ್ಡ ಸಂಸ್ಥೆಗಳಾದ ಪಿಸಿಜಿಎಸ್ 1986ರಲ್ಲಿ, ಎನ್‌ಜಿಸಿ 1987ರಲ್ಲಿ ಕೆಲಸ ಆರಂಭಿಸಿದವು. ಮೊದಮೊದಲು ತೊಳೆದ, ಗೀರಿದ, ತೂತಾದ ನಾಣ್ಯ ಬಂದರೆ ಡಬ್ಬಿಗೆ ಹಾಕದೆ, ಅಂಕವಿಲ್ಲದೆ, ಸಾದಾ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಹಿಂದಿರುಗಿಸುತ್ತಿದ್ದರು. ಆಮೇಲೆ ನಡುದಾರಿಯೊಂದು ಬಂತು. ನಾಣ್ಯ ಅಸಲಿ ಎಂದು ಒಪ್ಪುವುದು, ಸವೆತ ಯಾವ ಮಟ್ಟದ್ದು ಎಂದು ಹೇಳುವುದು, ಅಂಕವನ್ನು ಮಾತ್ರ ಕೊಡದೆ ದೋಷದ ಹೆಸರು ಬರೆಯುವುದು. ಇದೇ 'ಡೀಟೇಲ್ಸ್' ಲೇಬಲ್.

ಹಾಗಾಗಿ ಮೇಷ್ಟ್ರ ಡಬ್ಬಿಯನ್ನು ಕನ್ನಡದಲ್ಲಿ ಹೀಗೆ ಓದಬೇಕು: ನಾಣ್ಯ ಅಸಲಿ. ಅಚ್ಚಿನ ಗೆರೆಗಳು ಉಳಿದಿರುವುದು ಎಯು ಮಟ್ಟದಲ್ಲಿ. ಆದರೆ ಯಾರೋ ಇದನ್ನು ಉಜ್ಜಿದ್ದಾರೆ, ಆದ್ದರಿಂದ ಎಯು ಬೆಲೆ ಇದಕ್ಕೆ ಸಲ್ಲದು. ವ್ಯಾಪಾರಿ ಮೊದಲೆರಡು ಮಾತನ್ನು ಬಿಲ್ಲಿಗೆ ಇಳಿಸಿ ಮೂರನೆಯದನ್ನು ಬಿಟ್ಟಿದ್ದ. 'ಡೀಟೇಲ್ಸ್' ಎಂಬ ಒಂದು ಪದ ಬಿಟ್ಟುಹೋದರೆ ಬೇರೆಯೇ ನಾಣ್ಯ ಮಾರಿದಂತೆ.

'ಕ್ಲೀನ್ಡ್' ಎಂಬ ಒಂದೇ ಹೆಸರಿನ ಕೆಳಗೆ ಹಲವು ಬಗೆಯ ಹಾನಿಗಳಿವೆ, ಎಲ್ಲವೂ ಒಂದೇ ತೂಕದವಲ್ಲ. ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿನ, ರಬ್ಬರಿನಲ್ಲಿನ, ಕೆಲವು ಕಾಗದಗಳಲ್ಲಿನ ಗಂಧಕದಿಂದ. ಮೇಲೆ ಬೆಳ್ಳಿಯ ಸಲ್ಫೈಡಿನ ತೆಳು ಪದರ ಕಟ್ಟುತ್ತದೆ. ಆ ಪದರ ದಪ್ಪವಾಗುತ್ತ ಹೋದಂತೆ ಮೊದಲು ಜೇನಿನ ಬಣ್ಣ, ಆಮೇಲೆ ಕೆಂಗಂದು, ನೀಲಿ, ಕೊನೆಗೆ ಕಪ್ಪು. ಕಾಲ ತಾನೇ ಹಚ್ಚಿದ ಈ ಬಣ್ಣವನ್ನು ಸಂಗ್ರಾಹಕರು ಹೆಚ್ಚು ಬೆಲೆ ಕೊಟ್ಟು ಕೊಳ್ಳುವುದುಂಟು. ಆಮ್ಲದ ದ್ರಾವಣದಲ್ಲಿ ಅದ್ದಿದರೆ ಪದರ ಕರಗುತ್ತದೆ, ಜೊತೆಗೆ ಬೆಳ್ಳಿಯ ಏಣುಗಳ ತುದಿಯೂ ಒಂದಿಷ್ಟು ಹೋಗುತ್ತದೆ. ಒಮ್ಮೆ ಕ್ಷಣಕಾಲ ಅದ್ದಿದ್ದು ಎಷ್ಟೋ ಸಲ ಕಣ್ಣಿಗೆ ಬೀಳುವುದೂ ಇಲ್ಲ. ಮತ್ತೆ ಮತ್ತೆ ಅದ್ದಿದರೆ ನಾಣ್ಯ ಸುಣ್ಣ ಬಳಿದ ಗೋಡೆಯಂತೆ ನಿರ್ಜೀವ. ಉಜ್ಜುವುದು ಇದಕ್ಕಿಂತ ಕೆಟ್ಟದ್ದು. ಟೂತ್‌ಪೇಸ್ಟ್, ವಿಭೂತಿ, ಪಾತ್ರೆ ಪುಡಿ ಇವೆಲ್ಲ ನುಣ್ಣಗಿನ ಮರಳಿನ ಕೆಲಸವನ್ನೇ ಮಾಡುತ್ತವೆ. ಹುಣಸೆಯ ಆಮ್ಲ ಪದರವನ್ನು ಸಡಿಲಿಸುತ್ತದೆ, ತಿಕ್ಕುವ ಕೈ ಲೋಹವನ್ನೇ ತೆಗೆಯುತ್ತದೆ.

ತಾಮ್ರಕ್ಕೆ ಇದು ಇನ್ನೂ ದೊಡ್ಡ ಪೆಟ್ಟು. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ್ ಟಂಕಿಸಿದ ಆನೆಯ ಚಿತ್ರದ ಪೈಸೆಗಳು ನಮ್ಮ ನೆಲದ ನಾಣ್ಯಗಳು. ಒಂದು ಬಗೆಯ ಪೈಸೆಯ ಮೇಲೆ ಮೈಸೂರಿನ ನಜರ್‌ಬಾದಿನ ಟಂಕಸಾಲೆಯ ಹೆಸರೇ ಇದೆ. ಇನ್ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಅವುಗಳ ಮೇಲೆ ಕಟ್ಟಿದ ಚಾಕಲೇಟು ಬಣ್ಣದ ಪದರವೇ ಒಳಗಿನ ತಾಮ್ರವನ್ನು ಕಾಯುತ್ತಿರುತ್ತದೆ. ಅದನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ಹೊಸ ಚೊಂಬಿನಂತೆ ಕೆಂಪಗೆ ಮಾಡಿ ಮಾರುವವರನ್ನು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತದೆ. ತೊಳೆದ ಬೆಳ್ಳಿ ಕಾಲಾಂತರದಲ್ಲಿ ಮತ್ತೆ ಬಣ್ಣ ಹಿಡಿದಾದರೂ ಕಣ್ಣಿಗೆ ಹಿತವಾದೀತು. ಬೋಳು ಮಾಡಿದ ತಾಮ್ರ ಮಚ್ಚೆ ಮಚ್ಚೆಯಾಗಿ ಕಿಲುಬುಗಟ್ಟುತ್ತದೆ, ಆನೆಯ ಮೈಯ ಗೆರೆಗಳು ತಿರುಗಿ ಬರುವುದಿಲ್ಲ.

ತೊಳೆಯುವುದೆಲ್ಲ ತಪ್ಪೆಂದು ಇದರ ಅರ್ಥವಲ್ಲ. ಮಣ್ಣಿನಿಂದ ಬಂದ ಪ್ರಾಚೀನ ನಾಣ್ಯವನ್ನು ಶುಚಿ ಮಾಡದೆ ಓದಲಾಗದು, ಅಲ್ಲಿ ಈ ನಿಯಮ ಬೇರೆ. ಮೆತ್ತನೆಯ ಅಗ್ಗದ ಪ್ಲಾಸ್ಟಿಕ್ ಆಲ್ಬಮಿನಲ್ಲಿಟ್ಟು ಹಸಿರು ಅಂಟು ಹಿಡಿದ ನಾಣ್ಯವನ್ನು ಶುದ್ಧ ಅಸಿಟೋನಿನಲ್ಲಿ, ಉಜ್ಜದೆ, ನೆನೆಸಿ ತೆಗೆದರೆ ಅಂಟು ಹೋಗುತ್ತದೆ, ಲೋಹಕ್ಕೆ ಏನೂ ಆಗುವುದಿಲ್ಲ. ಮಾಡುವಾಗ ಕಿಟಕಿ ತೆರೆದಿರಬೇಕು, ಹತ್ತಿರದಲ್ಲಿ ಒಲೆಯೋ ದೀಪವೋ ಉರಿಯುತ್ತಿರಬಾರದು. ಮೇಲೆ ಕೂತದ್ದನ್ನು ತೆಗೆಯುವುದು ಆರೈಕೆ. ನಾಣ್ಯದ ಮೈಯನ್ನೇ ತೆಗೆಯುವುದು ಹಾನಿ. ನಾನು ಎಳೆಯುವ ಗೆರೆ ಇಷ್ಟು.

ಮುಂದಿನ ದಾರಿಗಳು

ಮೇಷ್ಟ್ರು ಎಲ್ಲವನ್ನೂ ಕೇಳಿಸಿಕೊಂಡು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ನಮ್ಮ ಅಮ್ಮನ ರೂಪಾಯಿಯೂ ಹೀಗೇ ಇದ್ದಿರಬೇಕಲ್ಲವೇ? ವರ್ಷಕ್ಕೊಮ್ಮೆ ತಿಕ್ಕಿದ್ದು."

ಹೌದು, ಹಾಗೇ ಇದ್ದಿರಬೇಕು. ಆ ಮಾತು ನನಗೂ ತಾಕಿತು. ಆದರೆ ಅದರಿಂದ 9,500ರ ಲೆಕ್ಕ ಸರಿಹೋಗುವುದಿಲ್ಲ ಎಂದು ಅವರಿಗೆ ಹೇಳಿದೆ. ತಾಯಿಯ ನೆನಪಿಗಾಗಿ ಇಟ್ಟುಕೊಳ್ಳುವ ನಾಣ್ಯ ತೊಳೆದದ್ದೇ ಆಗಿರಲಿ, ಅದಕ್ಕೆ ತೊಳೆದ ನಾಣ್ಯದ ಬೆಲೆಯನ್ನೇ ಕೊಡಬೇಕು. ಭಾವನೆಯಿಂದ ಕೊಳ್ಳುವವರ ಹತ್ತಿರ ಹೆಚ್ಚು ಕೀಳುವುದು ಈ ವ್ಯಾಪಾರದ ಹಳೆಯ ಚಾಳಿ. ಅದಕ್ಕೆ ನಾವೇ ಬಾಗಿಲು ತೆರೆದುಕೊಡಬಾರದು.

ನ್ಯಾಯವಾದ ಬೆಲೆ ಯಾವುದು ಎಂದು ತಿಳಿಯಲು ಅದೇ ವಾರ ಇಬ್ಬರು ವ್ಯಾಪಾರಿಗಳಿಗೆ ತೋರಿಸಿದೆವು. ಒಬ್ಬರು 3,500 ಎಂದರು, ಇನ್ನೊಬ್ಬರು 4,000. ದೋಷವಿಲ್ಲದ ಎಯು ಅಂಕದ ಡಬ್ಬಿಗೆ ಅದೇ ವ್ಯಾಪಾರಿಗಳು ಹೇಳಿದ ಬೆಲೆ 9,000ದ ಆಸುಪಾಸು. ಎಂದರೆ ಮೇಷ್ಟ್ರು ಕೊಟ್ಟದ್ದು ತೊಳೆಯದ ನಾಣ್ಯದ ಬೆಲೆಗಿಂತಲೂ ಒಂದು ಕೈ ಹೆಚ್ಚು. ಈ ಅಂಕಿಗಳು ಈ ಒಂದು ಪ್ರಕರಣದವು. ಬೇರೆ ನಾಣ್ಯಕ್ಕೆ ಇದೇ ಪ್ರಮಾಣವನ್ನು ಹಚ್ಚಬಾರದು.

ಮೇಷ್ಟ್ರಿಗೆ ಮೊದಲು ಹೊಳೆದದ್ದು ನಾಣ್ಯವನ್ನು ಹೊರದೇಶದ ಆ ದೃಢೀಕರಣ ಸಂಸ್ಥೆಗೇ ಕಳುಹಿಸಿ ಮತ್ತೊಮ್ಮೆ ನೋಡಿಸುವುದು. ಅದು ಆಗದ ಮಾತು. 1972ರ ಪ್ರಾಚ್ಯವಸ್ತುಗಳ ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು, ಅದನ್ನು ಖಾಸಗಿಯವರು ತಮ್ಮಷ್ಟಕ್ಕೆ ಹೊರದೇಶಕ್ಕೆ ಕಳುಹಿಸುವಂತಿಲ್ಲ. 1911ರದ್ದು 100 ದಾಟಿ ವರ್ಷಗಳೇ ಆಗಿವೆ. ಅಲ್ಲದೆ ಕಳುಹಿಸಿದರೂ ಏನಾಗುತ್ತಿತ್ತು? ಗೀರುಗಳು ಅಲ್ಲೇ ಇವೆ.

ಎರಡನೆಯ ದಾರಿಯನ್ನು ಹೇಳಿಕೊಟ್ಟವರು ಆ ಇಬ್ಬರಲ್ಲಿ ಒಬ್ಬರು. "ಡಬ್ಬಿ ಒಡೆಯಿರಿ ಸಾರ್. ಲೇಬಲ್ ಇಲ್ಲದಿದ್ದರೆ ಹೊಳಪು ನೋಡಿಯೇ ಜನ ಕೊಳ್ಳುತ್ತಾರೆ. ಆರು, ಆರೂವರೆ ಸಾವಿರಕ್ಕೆ ಮೋಸವಿಲ್ಲ" ಎಂದರು. ಗಂಧಕದ ಹೊಗೆ ಕೊಟ್ಟು ಬಣ್ಣ ಬರಿಸಿದರೆ ಗೀರು ಮುಚ್ಚಿಹೋಗುತ್ತದೆ ಎಂದೂ ಸೇರಿಸಿದರು.

ಈ ವಿಷಯದಲ್ಲಿ ನಾನು ಒಂದಿಷ್ಟೂ ಸಡಿಲವಾಗಲಾರೆ. ಡಬ್ಬಿಯ ಒಳಗಿರುವವರೆಗೆ ಆ ನಾಣ್ಯದ ದೋಷ ನಾಲ್ಕು ಜನ ಓದುವಂತೆ ಬರೆದಿದೆ. ಒಡೆದ ಕ್ಷಣದಲ್ಲಿ ಆ ಬರಹ ಹೋಗುತ್ತದೆ, ದೋಷ ಉಳಿಯುತ್ತದೆ. ಮುಂದೆ ಅದನ್ನು ಕೊಳ್ಳುವವರು ಯಾರು? ಇನ್ನೊಬ್ಬ ಮೇಷ್ಟ್ರು, ಇನ್ನೊಬ್ಬರ ತಾಯಿಯ ನೆನಪು. ಹೊಗೆ ಕೊಟ್ಟು ಬಣ್ಣ ಬರಿಸುವುದಂತೂ ಸಾಕ್ಷಿಯನ್ನೇ ಹೂತಂತೆ. ಡೀಟೇಲ್ಸ್ ಡಬ್ಬಿಯ ನಾಣ್ಯವನ್ನು ಬಿಡಿಯಾಗಿ ಮಾರುವುದಾದರೆ ಹಳೆಯ ಲೇಬಲ್ಲನ್ನು ಜೊತೆಗಿಟ್ಟು ಬಾಯಿಬಿಟ್ಟು ಹೇಳಿ ಮಾರಬೇಕು. ಹಾಗೆ ಮಾಡುವವನು ಒಡೆಯುವುದಾದರೂ ಏಕೆ? ಮೇಷ್ಟ್ರಿಗೆ ಇದನ್ನು ವಿವರಿಸುವ ಅಗತ್ಯ ಬೀಳಲಿಲ್ಲ. ಅಂಗಡಿಯ ಮೆಟ್ಟಿಲು ಇಳಿಯುತ್ತಲೇ "ಅದು ನಮ್ಮಿಂದ ಆಗುವುದಿಲ್ಲ" ಎಂದಿದ್ದರು.

ಉಳಿದದ್ದು ಮಾರಿದವನನ್ನೇ ಕೇಳುವುದು. ಅವನ ಮೊದಲ ಉತ್ತರ ನಾವು ಎಣಿಸಿದ್ದೇ: "ಲೇಬಲ್ಲಿನ ಮೇಲೆ ಬರೆದಿದೆಯಲ್ಲ, ಮೂರು ತಿಂಗಳು ಸುಮ್ಮನಿದ್ದು ಈಗ ಕೇಳಿದರೆ?" ಮಾತಿನಲ್ಲಿ ಸ್ವಲ್ಪ ಹುರುಳಿತ್ತು. ಆದರೆ ಹಣ ಕೊಡುವಾಗ ಲೇಬಲ್ ಮೇಷ್ಟ್ರ ಕಣ್ಣಿಗೆ ಬಿದ್ದಿರಲಿಲ್ಲ. ಕಂಡದ್ದು ಅವನು ಕಳುಹಿಸಿದ ಚಿತ್ರ, ಅವನು ಬರೆದ ಸಾಲು. ಅದೃಷ್ಟಕ್ಕೆ ಮೇಷ್ಟ್ರು ಆ ಸಂದೇಶವನ್ನು ಅಳಿಸಿರಲಿಲ್ಲ, ಬಿಲ್ಲನ್ನೂ ಇಟ್ಟಿದ್ದರು. ಇಬ್ಬರೂ ಕುಳಿತು ಒಂದು ಪುಟದ ಪತ್ರ ಬರೆದೆವು. ಸಂದೇಶದಲ್ಲಿ ಏನಿತ್ತು, ಬಿಲ್ಲಿನಲ್ಲಿ ಏನಿತ್ತು, ಲೇಬಲ್ಲಿನಲ್ಲಿ ಏನಿದೆ, ಮೂರನ್ನೂ ಒಂದರ ಕೆಳಗೊಂದು ಇಟ್ಟೆವು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕೊಂಡವರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, 2 ವರ್ಷದವರೆಗೆ ಅವಕಾಶವಿದೆ, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಈ ಮೂರು ಮಾತನ್ನು ಕೊನೆಯಲ್ಲಿ, ಬೆದರಿಕೆಯ ದನಿಯಿಲ್ಲದೆ ಬರೆದೆವು.

ಹತ್ತು ದಿನದ ಮೇಲೆ ಫೋನು ಬಂತು. ನಾಣ್ಯ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಬೇಕಾದರೆ 4,500 ಹಿಂದಿರುಗಿಸುತ್ತೇನೆ ಎಂದ. ಇನ್ನೂ ಸಾವಿರ ಕೇಳಿ ಎಂದು ನಾನು ಮೇಷ್ಟ್ರಿಗೆ ಹೇಳಿದೆ. ಅವರು ಕೇಳಲಿಲ್ಲ. "ಇಟ್ಟುಕೊಳ್ಳುವ ಮನಸ್ಸು ನನಗಿದೆ. ಇಟ್ಟುಕೊಳ್ಳುವವನು ಪೂರ್ತಿ ಹಣ ಕೇಳಬಾರದು" ಎಂದರು. ಅಲ್ಲಿಗೆ ನಾಣ್ಯದ ಬೆಲೆ 5,000ಕ್ಕೆ ಬಂದು ನಿಂತಿತು. ನನ್ನ ಲೆಕ್ಕದಲ್ಲಿ ಇದು ಈಗಲೂ ಸಾವಿರ ಹೆಚ್ಚು.

ಕೊಳ್ಳಲೇಬಾರದೇ?

ಹಾಗಾದರೆ ಡೀಟೇಲ್ಸ್ ಲೇಬಲ್ಲಿನ ನಾಣ್ಯವನ್ನು ಕೊಳ್ಳಲೇಬಾರದೇ ಎಂದು ಈ ಕತೆ ಕೇಳಿದವರು ನನ್ನನ್ನು ಕೇಳುತ್ತಾರೆ. ಕೊಳ್ಳಬಹುದು. ಕೆಲವು ನಾಣ್ಯಗಳನ್ನು ಹಾಗೆಯೇ ಕೊಳ್ಳಬೇಕು ಎಂದೂ ನಾನು ಹೇಳುತ್ತೇನೆ.

1939ರ ಬೆಳ್ಳಿ ರೂಪಾಯಿಯನ್ನು ತೆಗೆದುಕೊಳ್ಳಿ. ಹಳೆಯ ಶುದ್ಧತೆಯ ರೂಪಾಯಿಗಳಲ್ಲಿ ಅದೇ ಕೊನೆಯದು. 1940ರಿಂದ ಬೆಳ್ಳಿ ಅರ್ಧಕ್ಕೆ ಇಳಿಯಿತು, 1947ರಲ್ಲಿ ರೂಪಾಯಿ ನಿಕ್ಕಲ್ಲಿಗೆ ಬಂತು. 1939ರದ್ದು ಎಷ್ಟು ಅಪರೂಪವೆಂದರೆ ಬೇರೆ ಇಸವಿಯ ಅಂಕೆ ತಿದ್ದಿ ಮಾರುವ ನಕಲಿಗಳೇ ಹೆಚ್ಚು. ಅಲ್ಲಿ 'ಅಸಲಿ' ಎಂಬ ಒಂದು ಮಾತಿಗೇ ದೊಡ್ಡ ಬೆಲೆಯಿದೆ, ತೊಳೆದಿದ್ದರೂ ಸರಿ. ಟಿಪ್ಪುವಿನ ಎರಡು ರೂಪಾಯಿಯ 'ಹೈದರಿ'ಯೂ ಹಾಗೆಯೇ. ಉಜ್ಜದ, ಕೊರಳಿಗೆ ತೊಡಲು ಕೊಂಡಿ ಬೆಸೆಯದ ಹೈದರಿ ಸಾಮಾನ್ಯ ಸಂಬಳದವರ ಕೈಗೆ ಎಟುಕುವುದಿಲ್ಲ. ಕೊಂಡಿ ಕಿತ್ತ ಗುರುತಿರುವ ಒಂದನ್ನು ಕಡಿಮೆ ಬೆಲೆಗೆ ಕೊಂಡು, ಅದರ ಮೇಲಿನ ಪಾರಸಿ ಬರಹವನ್ನು ಮಕ್ಕಳಿಗೆ ಓದಿ ತೋರಿಸಿದರೆ ಅದರಲ್ಲಿ ತಪ್ಪೇನಿದೆ?

ನಮ್ಮಲ್ಲಿ ಹಾನಿಗೂ ಒಂದು ಚರಿತ್ರೆಯಿದೆ. ಕಂಠೀರವ ನರಸರಾಜ ಒಡೆಯರ ಕಾಲದಿಂದ (1638-1659) ಬಂದ 'ಕಂಠೀರಾಯ ಹಣ' ಎಂಬ ಪುಟ್ಟ ನಾಣ್ಯ ಅರ್ಧ ಗ್ರಾಮಿಗೂ ಕಡಿಮೆ ತೂಕದ ಚಿನ್ನ, ಮೇಲೆ ನರಸಿಂಹ. ಅದನ್ನು ಪೋಣಿಸಿ ತೊಟ್ಟರು, ತಾಳಿಯ ಜೊತೆ ಕಟ್ಟಿದರು. ಬೆಳ್ಳಿ ರೂಪಾಯಿಯನ್ನು ಕಾಸಿನ ಸರಕ್ಕೆ ಬೆಸೆದರು. ಸಂಗ್ರಾಹಕರ ಲೇಬಲ್ಲು ಅದನ್ನು 'ಕೊಂಡಿ ಕಿತ್ತದ್ದು' ಎಂದು ದೋಷದ ಪಟ್ಟಿಗೆ ಸೇರಿಸುತ್ತದೆ. ಬೆಲೆಯ ಮಟ್ಟಿಗೆ ಅದು ನ್ಯಾಯವೇ. ಆದರೂ ಬೆಸುಗೆಯ ಆ ಗುಬುಟನ್ನು ನೋಡಿದಾಗ ನನಗೆ ಯಾವುದೋ ಅಜ್ಜಿಯ ಕೊರಳು ಕಾಣುತ್ತದೆ. ಅಂಥದ್ದನ್ನು ನಾನು ಸಂತೋಷದಿಂದ ಕೊಂಡಿದ್ದೇನೆ, ಅದಕ್ಕೆ ತಕ್ಕ ಬೆಲೆಗೆ.

ಹಂದಿ ರೂಪಾಯಿಯ ಮಾತು ಬೇರೆ. ಅಪರೂಪ ಎಂಬ ಹೆಸರಿದ್ದರೂ ಅದು ನಾಣ್ಯ ಮೇಳಗಳಲ್ಲಿ ಕಾಣಸಿಗುತ್ತದೆ. ಕಾದರೆ ಉಜ್ಜದ, ಜೇನುಬಣ್ಣ ಹಿಡಿದ, ಇನ್ನೂ ಸ್ವಲ್ಪ ಸವೆದ ನಾಣ್ಯ ತೊಳೆದ ಎಯುವಿನ ಬೆಲೆಗೇ ಸಿಗುತ್ತದೆ. ನನ್ನನ್ನು ಕೇಳಿದ್ದರೆ ಅದನ್ನೇ ಕೊಳ್ಳಿ ಎನ್ನುತ್ತಿದ್ದೆ. ಹತ್ತು ಕೈ ದಾಟಿ ಸವೆದದ್ದು ಆ ನಾಣ್ಯದ ಬಾಳು. ಉಜ್ಜಿ ಸವೆಸಿದ್ದನ್ನು ಬಾಳು ಎನ್ನಲಾಗದು.

ದೀಪಾವಳಿಗೆ ಮಂಡ್ಯಕ್ಕೆ ಹೋದಾಗ ಮೇಷ್ಟ್ರು ಬೀರು ತೆರೆದು ತೋರಿಸಿದರು. ಡಬ್ಬಿಯನ್ನು ಹತ್ತಿಯ ಬಟ್ಟೆಯಲ್ಲಿ ಸುತ್ತಿ, ತೇವ ಹೀರುವ ಸಣ್ಣ ಪೊಟ್ಟಣದೊಂದಿಗೆ ಸ್ಟೀಲ್ ಡಬ್ಬದಲ್ಲಿಟ್ಟಿದ್ದರು. ಜೊತೆಯಲ್ಲಿ ಮೊಮ್ಮಗಳಿಗಾಗಿ ಒಂದು ಚೀಟಿ. ಕಪ್ಪು ಹಲಗೆಯ ಮೇಲೆ ಬರೆದು ಪಳಗಿದ ಆ ದುಂಡನೆಯ ಅಕ್ಷರಗಳಲ್ಲಿ ಹೀಗೆ ಬರೆದಿದ್ದರು:

"1911ರ ರೂಪಾಯಿ. ಅಸಲಿ. ನಮಗಿಂತ ಮೊದಲೇ ಯಾರೋ ಉಜ್ಜಿ ತೊಳೆದಿದ್ದಾರೆ. 9,500 ಕೊಟ್ಟೆ, 4,500 ಹಿಂದೆ ಬಂತು. ಮಾರುವುದಾದರೆ ಈ ಚೀಟಿಯನ್ನೂ ಕೊಡು. ಹಬ್ಬಕ್ಕೆ ತೆಗೆದು ನೋಡು, ತೊಳೆಯಬೇಡ."